ವಾಚನಾಲಯಕ್ಕೆ ಯಾರ ಹೆಸರು?

ಹಿರಿಯ ರಾಜಕಾರಣಿಯೊಬ್ಬರು ತೀರಿಕೊಂಡ ಮೇಲೆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಅವರ ಹೆಸರಿಡಬೇಕೆಂಬ ಮಾತು ಮಲೆನಾಡಿನ ಪೇಟೆಗಳಲ್ಲಿ ಆಗಾಗ ಏಳುವುದುಂಟು. ಊರಿಗೆ ಸೇತುವೆ ತಂದವರು, ಅಡಿಕೆ ಧಾರಣೆ ಬಿದ್ದಾಗ ಬೆಳೆಗಾರರ ಪರವಾಗಿ ನಿಂತವರು ಎಂದು ಕಾರಣ ಕೊಡುತ್ತಾರೆ. ಬೇಡವೆಂದರೆ ಸತ್ತವರಿಗೆ ಅಗೌರವ ತೋರಿದಂತಾದೀತೆಂದು ಉಳಿದವರು ಸುಮ್ಮನಾಗುತ್ತಾರೆ. ಠರಾವು ಆಗುತ್ತದೆ, ಫಲಕ ಏರುತ್ತದೆ. ಒಳಗಿನ ಬೀರುವಿನ ಬೀಗದ ಕೈ ಯಾರ ಬಳಿ ಇದೆಯೆಂದು ಮಾತ್ರ ಯಾರೂ ಕೇಳುವುದಿಲ್ಲ.

ಬೆಳೆಗಾರ ಬಂಧುಗಳು ಇಲ್ಲಿ ಮೊದಲು ಒಂದು ಲೆಕ್ಕವನ್ನು ತಿಳಿದಿರಬೇಕು. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆದದ್ದು 1965ರಲ್ಲಿ. ಅದರ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆಯಲ್ಲೇ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತವೆ. ಈಗ ಅದು ತೆರಿಗೆಯ ರೂಪಾಯಿಗೆ 6 ಪೈಸೆ. ಮನೆ ಕಂದಾಯವೆಂದು ಸಾವಿರ ರೂಪಾಯಿ ಕಟ್ಟುವ ಸಣ್ಣ ಹಿಡುವಳಿದಾರನು ಅದರ ಮೇಲೆ ಅರವತ್ತು ರೂಪಾಯಿಯನ್ನು ಪುಸ್ತಕಗಳಿಗೆಂದು ಕೊಡುತ್ತಾನೆ. ಹೀಗೆ ವಸೂಲಾದ ಹಣ ಪೂರ್ತಿಯಾಗಿ ಗ್ರಂಥಾಲಯದ ನಿಧಿಗೆ ಸಂದಾಯವಾಗದೆ ಬಾಕಿ ಉಳಿಯುವುದು ಹಳೆಯ ದೂರು. ಬೆಂಗಳೂರಿನ ಮಹಾನಗರ ಪಾಲಿಕೆಯ ಬಾಕಿಯಂತೂ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸುದ್ದಿಯಾಗಿದೆ. ವಾಚನಾಲಯಕ್ಕೆ ದಾನಿಗಳ ಹೆಸರಿಡುವುದೇ ಆದರೆ ತೆರಿಗೆ ಕಟ್ಟಿದ ಊರವರೆಲ್ಲರ ಹೆಸರನ್ನೂ ಬರೆಸಬೇಕಾದೀತು. ಅಷ್ಟು ದೊಡ್ಡ ಹಲಗೆ ಎಲ್ಲಿ ಸಿಕ್ಕೀತು!

ಮುಖಂಡರ ನೆನಪು ಬೇಡವೆಂದು ಯಾರೂ ಹೇಳುತ್ತಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡವನ್ನು ನೋಡಿ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ, ಶಿವನಸಮುದ್ರದ ವಿದ್ಯುತ್ ಯೋಜನೆಗೆ ಕೈಹಾಕಿದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಸ್ಮಾರಕವೆಂದೇ ಕಟ್ಟಿದ ಭವನವದು. ಅದರಲ್ಲಿ ಪುಸ್ತಕಗಳು ಬಂದು ಕೂತವು, ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಅವರ ಹೆಸರಿನಲ್ಲಿ ಊರಿಗೆ ಇಲ್ಲದಿದ್ದುದೊಂದು ಬಂತು. ಇದ್ದ ಕಟ್ಟಡದ ಹೆಸರನ್ನು ಅಳಿಸಿ ಇನ್ನೊಂದನ್ನು ಬರೆಯುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಅಷ್ಟಾದರೂ ಓದುಗರ ಬಾಯಲ್ಲಿ ಅದು ಕಬ್ಬನ್ ಪಾರ್ಕ್ ಲೈಬ್ರರಿಯೇ.

ಅಲ್ಲದೆ, ಅಧಿಕಾರದಲ್ಲಿರುವವರು ಬರೆಸಿದ ಹೆಸರನ್ನು ಮುಂದೆ ಅಧಿಕಾರಕ್ಕೆ ಬಂದವರು ಅಳಿಸಬಲ್ಲರು. ದೆಹಲಿಯ ತೀನ್ ಮೂರ್ತಿ ಭವನದ ಗ್ರಂಥಾಲಯಕ್ಕೆ ದಶಕಗಳ ಕಾಲ ನೆಹರೂ ಅವರ ಹೆಸರಿತ್ತು. 2023ರಲ್ಲಿ ಅದನ್ನು ಪ್ರಧಾನಮಂತ್ರಿಗಳ ವಸ್ತು ಸಂಗ್ರಹಾಲಯ ಮತ್ತು ಗ್ರಂಥಾಲಯವೆಂದು ಬದಲಾಯಿಸಲಾಯಿತು. ಸರಿಯೋ ತಪ್ಪೋ ಎಂಬ ವಾದ ಬೇರೆ. ದೇಶದ ಮೊದಲ ಪ್ರಧಾನಿಯ ಫಲಕಕ್ಕೇ ಹೀಗಾದರೆ, ತಾಲೂಕಿನ ಶಾಸಕರೊಬ್ಬರ ಫಲಕ ಎಷ್ಟು ಚುನಾವಣೆ ತಾಳೀತು?

ಶಾಂತವೇರಿ ಗೋಪಾಲಗೌಡರಂಥವರ ಹೆಸರಾದರೆ ನಮ್ಮಲ್ಲಿ ತಕರಾರು ಕಡಿಮೆ. ಕಾಗೋಡು ಸತ್ಯಾಗ್ರಹದ ಮುಂದಾಳು, 1952ರಲ್ಲೇ ವಿಧಾನಸಭೆಗೆ ಹೋದವರು, ಜೊತೆಗೆ ಸಾಹಿತ್ಯವನ್ನು ಮನಸಾರೆ ಓದಿದವರು. ಎಲ್ಲ ಊರಿಗೂ ಅಂಥವರು ಸಿಗುವುದಿಲ್ಲ, ಸಿಗಬೇಕೆಂದೂ ಇಲ್ಲ. ಯಾರ ಹೆಸರೇ ಇರಲಿ, ಅಭಿಮಾನಿಗಳು ಮೊದಲು ಆ ಹೆಸರಿನಲ್ಲಿ ಒಂದು ದತ್ತಿನಿಧಿ ಕೂಡಿಸಿ ಊರಿನ ಸಹಕಾರಿ ಬ್ಯಾಂಕಿನಲ್ಲಿ ಠೇವಣಿ ಇಡಲಿ. ಬಡ್ಡಿಯಿಂದ ವರ್ಷವರ್ಷ ಪುಸ್ತಕ ಬರಲಿ. ಅವರು ಶಾಸನ ಸಭೆಯಲ್ಲಿ ಆಡಿದ ಮಾತುಗಳನ್ನು ಕಲೆಹಾಕಿ ಒಂದು ಕಪಾಟಿನಲ್ಲಿಡಲಿ, ಆ ಕಪಾಟಿಗೆ ಅವರ ಹೆಸರನ್ನೇ ಬರೆಸಲಿ. ಓದಿದ ಹುಡುಗರಿಗೆ ಅವರು ಯಾರೆಂದು ಗೊತ್ತಾಗುತ್ತದೆ. ಫಲಕದಿಂದ ಅಷ್ಟೂ ಗೊತ್ತಾಗುವುದಿಲ್ಲ.

ನಮಗೆ ಬೇಕಾದ ಕಪಾಟು ಇನ್ನೊಂದಿದೆ. ಕಾಫಿಯ ಬಿಳಿ ಕಾಂಡಕೊರಕ, ಕಾಯಿಕೊರಕ, ಅಡಿಕೆಯ ಎಲೆಚುಕ್ಕಿ ರೋಗ ಇವುಗಳಿಂದ ಸೋತ ಬೆಳೆಗಾರನಿಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ, ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದ ಕನ್ನಡ ಕೈಪಿಡಿಗಳು ನಮ್ಮ ಎಷ್ಟು ವಾಚನಾಲಯಗಳಲ್ಲಿ ಸಿಗುತ್ತವೆ?

ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿವೆ. ಅವುಗಳಿಗೆ ಅರಿವು ಕೇಂದ್ರವೆಂಬ ಹೊಸ ಹೆಸರೂ ಆಗಿದೆ. ಹಾಗಾಗಿ ಕೇಳಬೇಕಾದ ಜಾಗ ಈಗ ಹತ್ತಿರದಲ್ಲೇ ಇದೆ. ಮುಂದಿನ ಗ್ರಾಮಸಭೆಗೆ ಸದಸ್ಯರು ತಪ್ಪದೆ ಹೋಗಿ, ಕಳೆದ ಸಾಲಿನಲ್ಲಿ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಅದರಲ್ಲಿ ಪುಸ್ತಕಕ್ಕೆ ಎಷ್ಟು ಹೋಯಿತು ಎಂದು ಕೇಳಿ ಉತ್ತರವನ್ನು ನಡಾವಳಿಯಲ್ಲಿ ಬರೆಸಬೇಕು. ಹೆಸರಿನ ವಿಷಯವನ್ನು ಆಮೇಲಿನ ಸಭೆಗೆ ಇಟ್ಟುಕೊಳ್ಳಬಹುದು.