ಆರು ಮನೆಯೋ, ಆರೂವರೆ ಮನೆಯೋ?

ಬಸ್ಸು ಬರೋದ್ರೊಳಗೆ ಓದಿ ಮುಗಿಸಿ ದೊರೆಗಳೇ, ಈ ವಾರ ನನ್ನ ಮಾನ ಹೋದ ಕಥೆ!

ಮಂಡಕಳ್ಳಿ ಗೊತ್ತಲ್ಲ? ಮೈಸೂರಿನಿಂದ ನಂಜನಗೂಡು ರಸ್ತೆ ಹಿಡಿದ್ರೆ ಸಿಗೋ ವಿಮಾನ ನಿಲ್ದಾಣದ ಊರು. ಅಲ್ಲಿ ಗೆಳೆಯನ ತಂಗಿಯ ಆರತಕ್ಷತೆ. ಶಾಮಿಯಾನದ ಕೆಳಗೆ ಡೀಜೆ ನಾನೇ. ಸಂಜೆಯಿಂದ ನಾಗಸ್ವರ ನುಡಿಸ್ತಿದ್ದ ಹಿರಿಯರೊಬ್ಬರ ಮೈಕಿನ ವೈರು ಕಿತ್ತು ನನ್ನ ಪೆಟ್ಟಿಗೆಗೆ ಸಿಕ್ಕಿಸಿದವನೂ ನಾನೇ. "ತಾತ, ಇನ್ನು ನಮ್ ಟೈಮು" ಅಂದೆ. ಅವರು ಮಾತಾಡ್ಲಿಲ್ಲ. ವಾದ್ಯಕ್ಕೆ ಬಟ್ಟೆ ಸುತ್ತಿ ಮೂಲೆಯಲ್ಲಿ ಕೂತ್ರು.

ನಾನು ಹಾಕಿದ್ದು ಡೀಪ್ ಹೌಸ್. ಅಮೆರಿಕದ ಷಿಕಾಗೋದಲ್ಲಿ ಎಂಬತ್ತರ ದಶಕದಲ್ಲಿ ಹುಟ್ಟಿದ ಕುಣಿತದ ಸಂಗೀತ. 1986ರಲ್ಲಿ ಲ್ಯಾರಿ ಹರ್ಡ್ ಕೊಟ್ಟ 'ಕ್ಯಾನ್ ಯೂ ಫೀಲ್ ಇಟ್' ಇದರ ಮೊದಲ ಮೆಟ್ಟಿಲುಗಳಲ್ಲೊಂದು. ನಮ್ಮವರೇನೂ ಹಿಂದಿಲ್ಲ ಸ್ವಾಮಿ! ಮುಂಬಯಿ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಡ್ರಮ್ ಯಂತ್ರದ ಮೇಲೆ ಹತ್ತು ರಾಗ ಬಾರಿಸಿ ರೆಕಾರ್ಡ್ ಮಾಡಿದ್ರು.

ಹುಡುಗರು "ಗುರೂ, ಶಂಕರ್‌ನಾಗ್ ಹಾಡು!" ಅಂತ ಕೂಗಿದ್ರು. ಓಡ್ತಿದ್ದ ಟ್ರ್ಯಾಕು ನಿಮಿಷಕ್ಕೆ 125 ಪೆಟ್ಟು. ಸಿನಿಮಾ ಹಾಡು 118. ಎರಡೂ ಎ ಮೈನರ್, ಕಂಪ್ಯೂಟರು ಎರಡಕ್ಕೂ '8ಎ' ಅಂತ ಚೀಟಿ ಅಂಟಿಸಿತ್ತು. ಇನ್ನೇನು ಭಯ? ಹಾಡಿನ ವೇಗ ಏರಿಸಿ 125ಕ್ಕೆ ತಂದು ಬಿಟ್ಟೆ.

ಅಯ್ಯಯ್ಯೋ! ತಾಳ ಸರಿಯಿದೆ, ಸ್ವರ ಜಗಳಕ್ಕೆ ನಿಂತಿದೆ. ಕುಣೀತಿದ್ದ ಹುಡುಗರ ಕಾಲು ನಿಂತೇ ಹೋಯ್ತು. ಯಾಕೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗಡಿಯಾರ 9-20. ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಗೆಳೆಯ ದೂರದಿಂದ ನನ್ನನ್ನೇ ನುಂಗೋ ಹಾಗೆ ನೋಡ್ತಿದ್ದಾನೆ.

ಆಗ ಹೆಗಲ ಮೇಲೊಂದು ಕೈ. ನಾಗಸ್ವರದ ತಾತ! "ಮೊದಲನೇದು ಆರು ಮನೆ ಶ್ರುತಿ. ನಿನ್ನ ಎರಡನೇದು ಆರೂವರೆಗೆ ಹತ್ತಿಬಿಟ್ಟಿದೆ ಮಗಾ. ಇಳಿಸು."

ಕಣ್ಣು ತೆರೀತು. ವೇಗ ಹೆಚ್ಚಿಸಿದ್ರೆ ಶ್ರುತಿನೂ ಏರುತ್ತೆ. ಸುಮಾರು ಶೇಕಡಾ 6 ಏರಿಸಿದ್ರೆ ಸರಿಯಾಗಿ ಅರ್ಧ ಮನೆ. 118ರಿಂದ 125 ಅಂದ್ರೆ ಅದೇ ಲೆಕ್ಕ! ಶ್ರುತಿಯನ್ನ ಕಟ್ಟಿಹಾಕೋ 'ಕೀ ಲಾಕ್' ಗುಂಡಿ ಒತ್ತೋದನ್ನ ಮರೆತಿದ್ದೆ. ಬರೀ ತಮಟೆ ಪೆಟ್ಟಾಗಿದ್ರೆ ನಡೆದುಹೋಗ್ತಿತ್ತು. ಡೀಪ್ ಹೌಸ್‌ನಲ್ಲಿ ಪಿಯಾನೋ ಸ್ವರಗಳು ಮಂಜಿನ ಹಾಗೆ ಹರಡಿರ್ತವೆ, ಎರಡು ಹಾಡು ನಿಮಿಷಗಟ್ಟಲೆ ಒಟ್ಟಿಗೇ ಓಡ್ತವೆ. ಸುಳ್ಳು ಸ್ವರಕ್ಕೆ ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲ.

ಗುಂಡಿ ಒತ್ತಿ, ಒಂದರ ಬೇಸ್ ಪೂರ್ತಿ ತಗ್ಗಿಸಿ ಇನ್ನೊಂದನ್ನ ಮೆಲ್ಲಗೆ ಏರಿಸಿದೆ. ಹಾಲಿಗೆ ಸಕ್ಕರೆ! ಹುಡುಗರು ಮತ್ತೆ ಕುಣಿದ್ರು.

ಡೀಜೆಗಳ ಚಕ್ರದಲ್ಲಿ 12 ಅಂಕಿ, ಎ ಅಂದ್ರೆ ಮೈನರ್, ಬಿ ಅಂದ್ರೆ ಮೇಜರ್. ಅದೇ ಅಂಕಿಯಲ್ಲಿರು, ಇಲ್ಲ ಪಕ್ಕದ ಅಂಕಿಗೆ ಹೋಗು, ಇಲ್ಲ ಅದೇ ಅಂಕಿಯ ಎ ಬಿಟ್ಟು ಬಿ ಹಿಡಿ. ಇಷ್ಟೇ ಸೂತ್ರ. ತಾತನಿಗೆ ಹೇಳಿದೆ, ನಕ್ಕರು. ಪಕ್ಕದ ಅಂಕಿ ಅಂದ್ರೆ ಷಡ್ಜ-ಪಂಚಮದ ನೆಂಟಸ್ತಿಕೆ. ಎ-ಬಿ ಅಂದ್ರೆ ಗ್ರಹಭೇದ: ಮೋಹನದ ದೈವತವನ್ನ ಷಡ್ಜ ಮಾಡ್ಕೊಂಡ್ರೆ ಶುದ್ಧ ಧನ್ಯಾಸಿ. ಸ್ವರ ಅವೇ, ಮನೆ ಮಾತ್ರ ಬೇರೆ. ನಾನು ಕಂಪ್ಯೂಟರಿಗೆ ಕಾಸು ಕೊಟ್ಟು ಕಲಿತದ್ದು ಅವರ ಕಿವಿಯಲ್ಲೇ ಇತ್ತು!

10ಕ್ಕೆ ಐದು ನಿಮಿಷ ಇದ್ದಾಗ ನನ್ನ ವೈರು ಕಿತ್ತು ಅವರ ಮೈಕಿಗೆ ಸಿಕ್ಕಿಸಿದೆ. "ತಾತ, ಮಂಗಳ ನಿಮ್ಮದೇ" ಅಂದೆ. ಬಟ್ಟೆ ಬಿಚ್ಚಿ ವಾದ್ಯ ತೆಗೆದ್ರು. ಬೆಳಿಗ್ಗೆ ಮುಹೂರ್ತಕ್ಕೂ ಮೊದಲ ಸಾಲಲ್ಲಿ ಕೂತಿದ್ದೆ, ಊಟಕ್ಕಲ್ಲ ಕಣ್ರೀ, ಶ್ರುತಿ ಕೇಳೋಕೆ.

ಗುಂಡಿ ಒತ್ತೋಕೆ ಬೆರಳು ಸಾಕು ತಮ್ಮಂದಿರಾ, ಯಾವಾಗ ಒತ್ತಬೇಕು ಅನ್ನೋಕೆ ಕಿವಿ ಬೇಕು. ಬಸ್ಸು ಬಂತು, ಹತ್ತಿ! ಮುಂದಿನ ವಾರ ಸಿಗೋಣ.