ವಂಶವೃಕ್ಷಕ್ಕೆ ಕತ್ತರಿ ಹಾಕಬೇಡಿ

ತಮ್ಮ ವಂಶದ ಮೂಲವನ್ನು ಹುಡುಕುವುದು ಇಂದು ಅಮೆರಿಕದಲ್ಲಿ ಕೋಟ್ಯಂತರ ಜನರ ಹವ್ಯಾಸವಾಗಿದೆ. ಸಣ್ಣ ಕೊಳವೆಯೊಂದರಲ್ಲಿ ಉಗುಳಿ ಅಂಚೆಯ ಮೂಲಕ ಕಳುಹಿಸಿದರೆ ಕೆಲವು ವಾರಗಳಲ್ಲಿ ಡಿ.ಎನ್.ಎ. ವರದಿ ಕೈಸೇರುತ್ತದೆ. ಹೀಗೆ ಹುಡುಕುವವರಲ್ಲಿ ಒಂದು ವರ್ಗಕ್ಕೆ ವಿಶೇಷವಾದ ಹೆಮ್ಮೆ. ತಮ್ಮ ಪೂರ್ವಜರು ಕ್ವೇಕರರು, 1682ರಲ್ಲಿ ವಿಲಿಯಂ ಪೆನ್ ಬಂದಿಳಿದ ಕಾಲದಲ್ಲೇ ಪೆನ್ಸಿಲ್ವೇನಿಯಕ್ಕೆ ಬಂದವರು, ಯುದ್ಧವನ್ನು ನಿರಾಕರಿಸಿದವರು, ಗುಲಾಮಗಿರಿಯನ್ನು ವಿರೋಧಿಸಿದವರು ಎಂಬುದು ಆ ಹೆಮ್ಮೆಗೆ ಕಾರಣ. ಇಂತಹ ಪೂರ್ವಜರು ಯಾರಿಗೆ ಬೇಡ? ಹಿರಿಯರನ್ನು ಹುಡುಕುವುದು ತಪ್ಪೇನೂ ಅಲ್ಲ. ಆದರೆ ಸಿಕ್ಕಿದ್ದರಲ್ಲಿ ಹಿತವಾದುದನ್ನಷ್ಟೇ ಇಟ್ಟುಕೊಂಡು ಉಳಿದುದನ್ನು ಮುಚ್ಚಿಡುವುದು ಸುಳ್ಳು ಸಾಕ್ಷಿ ಹೇಳಿದಂತೆಯೇ ಸರಿ.

ಈ ಮಾತು ಅರ್ಥವಾಗಬೇಕಾದರೆ ಕ್ವೇಕರರ ಕಡತಗಳ ಸ್ವರೂಪವನ್ನು ಅರಿಯಬೇಕು. 17ನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮೊದಲಾದವರಿಂದ ಹುಟ್ಟಿದ ಈ ಪಂಗಡದಲ್ಲಿ ಅಭಿಷಿಕ್ತ ಗುರುಗಳಿರಲಿಲ್ಲ, ದೀಕ್ಷಾಸ್ನಾನವೂ ಇರಲಿಲ್ಲ. ಆದುದರಿಂದ ನಮ್ಮ ಧರ್ಮಕೇಂದ್ರಗಳಲ್ಲಿರುವಂತಹ ದೀಕ್ಷಾಸ್ನಾನದ ದಾಖಲೆ ಪುಸ್ತಕ ಅವರಲ್ಲಿಲ್ಲ. ಅದಕ್ಕೆ ಬದಲಾಗಿ ಪ್ರತಿಯೊಂದು ಊರಿನ ಮಾಸಿಕ ಸಭೆಯು ಜನನ, ಮರಣ, ವಿವಾಹಗಳನ್ನು ಬರೆದಿಡುತ್ತಿತ್ತು. ವಧೂವರರು ಸಭೆಯ ಮುಂದೆ ತಾವೇ ವಚನ ನೀಡುತ್ತಿದ್ದರು. ಅಲ್ಲಿ ನೆರೆದವರು ಪ್ರಮಾಣಪತ್ರಕ್ಕೆ ಸಾಕ್ಷಿಗಳಾಗಿ ಸಹಿ ಹಾಕುತ್ತಿದ್ದರು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವವರಿಗೆ ನಡತೆಯ ಪತ್ರ ಕೊಡಲಾಗುತ್ತಿತ್ತು. ಸ್ತ್ರೀಯರ ಸಭೆ ಪ್ರತ್ಯೇಕವಾಗಿ ತನ್ನದೇ ನಡಾವಳಿಯನ್ನು ಇಡುತ್ತಿದ್ದುದರಿಂದ, ಬೇರೆಡೆ ಹೆಸರೇ ಉಳಿಯದ ಅನೇಕ ಹೆಣ್ಣುಮಕ್ಕಳ ಹೆಸರು ಇಲ್ಲಿ ಉಳಿದಿದೆ. ಸ್ವಾರ್ಥ್‌ಮೋರ್ ಮತ್ತು ಹ್ಯಾವರ್ಫರ್ಡ್ ಕಾಲೇಜುಗಳಲ್ಲಿ ಇಂತಹ ಕಡತಗಳ ದೊಡ್ಡ ಸಂಗ್ರಹಗಳಿವೆ. ಗಾಯಕರಾಗಿ ಹೆಸರು ಮಾಡಿದ್ದ ವಿಲಿಯಂ ವೇಡ್ ಹಿನ್ಶಾ ತಮ್ಮ ಉತ್ತರವಯಸ್ಸಿನಲ್ಲಿ ಇವುಗಳ ಸಾರಸಂಗ್ರಹ ಮಾಡಿಸಿ, 1936ರಿಂದ ಸಂಪುಟಗಳಾಗಿ ಹೊರತಂದರು.

ಈ ಕಡತಗಳನ್ನು ಓದಲು ತಾಳ್ಮೆ ಬೇಕು. ಅನ್ಯದೇವತೆಗಳ ಹೆಸರು ಹೊತ್ತ ತಿಂಗಳುಗಳನ್ನು ಕ್ವೇಕರರು ಉಚ್ಚರಿಸುತ್ತಿರಲಿಲ್ಲ. ಒಂದನೆಯ ತಿಂಗಳು, ಎರಡನೆಯ ತಿಂಗಳು ಎಂದೇ ಬರೆಯುತ್ತಿದ್ದರು. 1752ಕ್ಕೆ ಮೊದಲು ಅವರ ಒಂದನೆಯ ತಿಂಗಳು ಮಾರ್ಚ್. ಹೀಗಾಗಿ 1690ರ ಎಂಟನೆಯ ತಿಂಗಳು ಎಂದರೆ ಆಗಸ್ಟ್ ಅಲ್ಲ, ಅಕ್ಟೋಬರ್. ಇಷ್ಟನ್ನು ಅರಿಯದೆ ಹುಟ್ಟಿದ ದಿನವನ್ನೇ ತಪ್ಪಾಗಿ ಬರೆದುಕೊಂಡವರು ಕಡಿಮೆಯಿಲ್ಲ. ಆದರೆ ತಾರೀಖಿನ ತಪ್ಪನ್ನು ತಿದ್ದಬಹುದು. ಹೆಸರು ಸಿಕ್ಕಿದ ಕೂಡಲೇ ಪುಸ್ತಕ ಮುಚ್ಚುವ ಅಭ್ಯಾಸವನ್ನು ತಿದ್ದುವುದು ಕಷ್ಟ.

ಏಕೆಂದರೆ ಆ ಕಡತಗಳು ಕುಲಗೌರವವನ್ನು ಸಾರಲು ಬರೆದವುಗಳಲ್ಲ. ಅವು ಒಂದು ಸಮುದಾಯ ತನ್ನ ಸದಸ್ಯರ ನಡತೆಯ ಬಗ್ಗೆ ಇಟ್ಟ ಲೆಕ್ಕಪತ್ರ. ಕುಡಿದವನು, ಸಾಲ ತೀರಿಸದವನು, ಪಂಗಡದ ಹೊರಗೆ ಮದುವೆಯಾದವಳು, 1775ರ ನಂತರದ ಸ್ವಾತಂತ್ರ್ಯ ಸಮರದಲ್ಲಿ ಕೋವಿ ಹಿಡಿದವನು, ಎಲ್ಲರ ವಿಚಾರಣೆಯೂ ಅಲ್ಲಿದೆ. ಪಶ್ಚಾತ್ತಾಪ ಪಡದವರನ್ನು ಸಭೆ ಹೊರಹಾಕುತ್ತಿತ್ತು. ಹೊರಹಾಕಿದ ಕಾರಣವನ್ನೂ ಬರೆದಿಡುತ್ತಿತ್ತು.

ಅದೇ ಪುಟಗಳಲ್ಲಿ ಗುಲಾಮಗಿರಿಯ ಕಥೆಯೂ ಇದೆ. 1688ರಲ್ಲಿ ಜರ್ಮನ್‌ಟೌನಿನ ನಾಲ್ವರು, ಪಾಸ್ಟೋರಿಯಸ್ ಅವರ ನೇತೃತ್ವದಲ್ಲಿ, ಮನುಷ್ಯರನ್ನು ಕೊಂಡು ಮಾರುವುದರ ವಿರುದ್ಧ ಮನವಿ ಬರೆದರು. ಮಾಸಿಕ ಸಭೆ ಅದನ್ನು ತ್ರೈಮಾಸಿಕ ಸಭೆಗೆ ದಾಟಿಸಿತು. ತ್ರೈಮಾಸಿಕ ಸಭೆ ವಾರ್ಷಿಕ ಸಭೆಗೆ ದಾಟಿಸಿತು. ವಾರ್ಷಿಕ ಸಭೆ ಅದನ್ನು ಬದಿಗಿಟ್ಟಿತು. ಆ ಕಾಗದ ಕಣ್ಮರೆಯಾಗಿ 1844ರಲ್ಲಿ ಸಿಕ್ಕಿತು. ಮತ್ತೆ ಕಳೆದು 2005ರಲ್ಲಿ ಪುನಃ ಸಿಕ್ಕಿತು. ಅಪ್ರಿಯ ಸತ್ಯಗಳ ಗತಿ ಅನೇಕ ವೇಳೆ ಹೀಗೆಯೇ ಅಲ್ಲವೇ? 1738ರಲ್ಲಿ ಬೆಂಜಮಿನ್ ಲೇ ಎಂಬ ಕುಳ್ಳ ದೇಹದ ಕ್ವೇಕರ್, ಬರ್ಲಿಂಗ್ಟನ್ನಿನ ವಾರ್ಷಿಕ ಸಭೆಯಲ್ಲಿ, ಕೆಂಪು ಹಣ್ಣಿನ ರಸ ಅಡಗಿಸಿದ್ದ ಪುಸ್ತಕವೊಂದನ್ನು ಕತ್ತಿಯಿಂದ ತಿವಿದು, ಗುಲಾಮರ ಒಡೆಯರ ಮೇಲೆ ಆ 'ರಕ್ತ'ವನ್ನು ಚಿಮುಕಿಸಿದ. ಹೊರಹಾಕಲ್ಪಟ್ಟವನು ಅವನು, ಒಡೆಯರಲ್ಲ. ಅವನನ್ನು ನಿರಾಕರಿಸಿದ್ದ ಸಭೆಗಳು ಅವನನ್ನು ತಮ್ಮವನೆಂದು ಒಪ್ಪಿಕೊಂಡದ್ದು 2018ರ ವೇಳೆಗೆ.

ಜಾನ್ ವುಲ್‌ಮನ್ ಅಂಥವರ ಸೌಮ್ಯವಾದ ಹಟದಿಂದ, 1758ರಲ್ಲಿ ಫಿಲಡೆಲ್ಫಿಯ ವಾರ್ಷಿಕ ಸಭೆ ಗುಲಾಮರನ್ನು ಕೊಂಡು ಮಾರುವವರ ವಿರುದ್ಧ ಕ್ರಮ ಕೈಗೊಂಡಿತು. ಗುಲಾಮರನ್ನು ಇಟ್ಟುಕೊಂಡವರನ್ನೇ ಹೊರಹಾಕುವ ನಿರ್ಣಯವಾದದ್ದು 1776ರಲ್ಲಿ. ಮೊದಲ ಮನವಿಯಿಂದ ಈ ನಿರ್ಣಯದವರೆಗೆ 88 ವರ್ಷ! ಆ ಅವಧಿಯಲ್ಲಿ ಗುಲಾಮರ ಒಡೆಯರಾಗಿದ್ದ ಕ್ವೇಕರರು ಅನೇಕರು. ವಿಲಿಯಂ ಪೆನ್ ಕೂಡ ಅವರಲ್ಲೊಬ್ಬ. ಇಷ್ಟು ನಿಧಾನವಾಗಿಯಾದರೂ ತಮ್ಮ ಪಾಪವನ್ನು ತಾವೇ ಗುರುತಿಸಿ ತಿದ್ದಿಕೊಂಡದ್ದು ದೊಡ್ಡ ಸಂಗತಿಯೇ. ಆದರೆ ತಿದ್ದಿಕೊಂಡವರ ಕಥೆ ಹೇಳಲು ತಿದ್ದಬೇಕಾಗಿದ್ದ ತಪ್ಪನ್ನೂ ಹೇಳಲೇಬೇಕು.

ಈಗ ಡಿ.ಎನ್.ಎ. ಪರೀಕ್ಷೆಯನ್ನು ನೋಡೋಣ. ಅದು ಹೇಳುವುದೆಷ್ಟು? ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪ್ರತಿಯೊಬ್ಬರ ವಂಶವೃಕ್ಷದಲ್ಲಿ 1024 ಸ್ಥಾನಗಳಿರುತ್ತವೆ. ಪ್ರತಿ ತಲೆಮಾರಿನಲ್ಲಿಯೂ ಅರ್ಧ ಭಾಗ ಕೈಬಿಟ್ಟು ಹೋಗುವುದರಿಂದ, ಅಷ್ಟು ಹಿಂದಿನವರಲ್ಲಿ ಅನೇಕರಿಂದ ಒಂದು ತುಣುಕು ಡಿ.ಎನ್.ಎ. ಕೂಡ ನಮಗೆ ಬಂದಿರುವುದಿಲ್ಲ. ತಂದೆಯಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮು ಇಬ್ಬರು ಗಂಡಸರು ಒಂದೇ ಪಿತೃವಂಶದವರೆಂದು ತೋರಿಸಬಲ್ಲದು. ಆದರೆ ಅವರ ಮೂಲಪುರುಷನ ಹೆಸರನ್ನು ಹೇಳಲಾರದು. ಕ್ವೇಕರರು ಹಲವು ತಲೆಮಾರು ತಮ್ಮೊಳಗೇ ಮದುವೆಯಾದವರು. ಅಂತಹವರ ಸಂತತಿಯಲ್ಲಿ ದೂರದ ಬಂಧುವೂ ಹತ್ತಿರದವನಂತೆ ಕಾಣುವ ಸಾಧ್ಯತೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಪೂರ್ವಜ ಮನವಿಗೆ ಸಹಿ ಹಾಕಿದವನೋ, ಮನವಿಯನ್ನು ಬದಿಗೆ ಸರಿಸಿದವನೋ ಎಂಬುದು ರಕ್ತದಲ್ಲಿ ಬರೆದಿಲ್ಲ. ಅದಕ್ಕೆ ಕಡತವನ್ನೇ ತೆರೆಯಬೇಕು.

ಆದರೂ ಡಿ.ಎನ್.ಎ. ಒಂದು ಕೆಲಸವನ್ನು ಮಾಡಬಲ್ಲದು. ಹೆಮ್ಮೆಯ ಜನರಿಗೆ ಅದೇ ಇರುಸುಮುರುಸು. ಅಮೆರಿಕದ 1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರನ್ನು ಸಾಮಾನ್ಯವಾಗಿ ಹೆಸರಿಲ್ಲದೆ, ಒಡೆಯನ ಹೆಸರಿನ ಕೆಳಗೆ, ವಯಸ್ಸು, ಲಿಂಗ, ಬಣ್ಣದಿಂದಷ್ಟೇ ನಮೂದಿಸಲಾಯಿತು. ಆ ಜನರ ಬಹುಪಾಲು ಹೆಸರುಗಳು ಜನಗಣತಿಯಲ್ಲಿ ಮೊದಲ ಬಾರಿಗೆ ಕಾಣುವುದು 1870ರಲ್ಲಿ. ಅವರ ವಂಶಜರು ಆ ಗೋಡೆಯನ್ನು ದಾಟಲು ಇರುವ ಕೆಲವೇ ದಾರಿಗಳಲ್ಲಿ ಡಿ.ಎನ್.ಎ. ಒಂದು. ಇನ್ನೊಂದು ದಾರಿ, ಕ್ವೇಕರರ ಕಡತಗಳೊಂದಿಗೆ ಉಳಿದಿರುವ ಬಿಡುಗಡೆಯ ಪತ್ರಗಳು; ಅಲ್ಲಿ ಬಿಡುಗಡೆ ಹೊಂದಿದವರ ಹೆಸರುಗಳಿವೆ. ಒಡೆಯನ ಸಂತತಿಗೆ ಹವ್ಯಾಸವಾದದ್ದು ಗುಲಾಮನ ಸಂತತಿಗೆ ಕಳೆದುಹೋದ ಅಜ್ಜಿಯ ಹುಡುಕಾಟ. ಅಂತಹವರೊಬ್ಬರಿಂದ, ನಾವು ರಕ್ತಸಂಬಂಧಿಗಳೆಂದು ವರದಿ ಹೇಳುತ್ತಿದೆ, ನಿಮ್ಮ ಮನೆತನದ ಕಾಗದಗಳಲ್ಲಿ ಏನಾದರೂ ಇದೆಯೇ ಎಂದು ಪತ್ರ ಬಂದರೆ, ಉತ್ತರಿಸದೆ ಇರುವುದು ಯಾವ ಬಗೆಯ ಸಜ್ಜನಿಕೆ? ಆ ಪತ್ರವನ್ನು ಅಳಿಸಿಹಾಕಿ, ಅದೇ ಸಂಜೆ ಪೆನ್ನನ ಹಡಗಿನ ಬಗ್ಗೆ ಮಾತನಾಡಲು ಮನಸ್ಸಾದರೂ ಹೇಗೆ ಬರುತ್ತದೆ?

ಪೂರ್ವಜರ ಪಾಪಕ್ಕೆ ನಾವು ಹೊಣೆಯಲ್ಲ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಒಪ್ಪೋಣ. ತಂದೆಯ ದೋಷಕ್ಕೆ ಮಗ ದಂಡ ತೆರಬೇಕಾಗಿಲ್ಲವೆಂದು ಪ್ರವಾದಿ ಯೆಜೆಕಿಯೇಲನೂ ಸಾರಿದ್ದಾನೆ. ಆದರೆ ಅದೇ ನ್ಯಾಯದಿಂದ ತಂದೆಯ ಪುಣ್ಯವೂ ಮಗನ ಆಸ್ತಿಯಲ್ಲ. ಅಜ್ಜನ ಪಾಪ ನಮ್ಮದಲ್ಲ ಎನ್ನುವವರು ಅಜ್ಜನ ಪುಣ್ಯವನ್ನು ಎದೆಯ ಮೇಲೆ ಪದಕದಂತೆ ಧರಿಸುವುದು ಯಾವ ನ್ಯಾಯ? ಹೆಮ್ಮೆ ಬೇಕಾದರೆ ಲಜ್ಜೆಯನ್ನೂ ಸ್ವೀಕರಿಸಬೇಕು. ಎರಡೂ ಬೇಡವಾದರೆ ಪೂರ್ವಜರನ್ನು ಇತಿಹಾಸಕ್ಕೆ ಬಿಟ್ಟು, ನಮ್ಮ ನಡತೆಯಿಂದಲೇ ನಾವು ಅಳೆಯಲ್ಪಡಬೇಕು.

ಪ್ರಿಯ ಓದುಗರೇ, ಪ್ರಾಮಾಣಿಕ ವಂಶಾವಳಿ ಹೇಗಿರಬೇಕೆಂಬುದಕ್ಕೆ ಸಂತ ಮತ್ತಾಯನ ಶುಭಸಂದೇಶದ ಮೊದಲ ಪುಟವೇ ಸಾಕು. ಅಲ್ಲಿ ರಾಜರಿದ್ದಾರೆ, ಅವರೊಂದಿಗೆ ತಾಮಾರಳು, ರಾಹಾಬಳು, ಪರದೇಶಿಯಾದ ರೂತಳು ಇದ್ದಾರೆ. ದಾವೀದನ ಅಪರಾಧ ಮರೆಯದಂತೆ ಊರೀಯನ ಹೆಂಡತಿಯನ್ನು ಅವನ ಹೆಂಡತಿಯೆಂದೇ ಹೇಳಲಾಗಿದೆ. ಇವರ್ಯಾರಿಗೂ ಅಲ್ಲಿ ಕತ್ತರಿ ಬಿದ್ದಿಲ್ಲ. ಕ್ವೇಕರ್ ಮೂಲದವರೆಂದು ಹೇಳಿಕೊಳ್ಳುವವರು ಮಾಡಬೇಕಾದ ಕೆಲಸವೂ ಇದೇ. ಸೂಚಿಯಲ್ಲಿ ಹೆಸರು ಸಿಕ್ಕಿದೊಡನೆ ನಿಲ್ಲದೆ ನಡಾವಳಿಯನ್ನು ಪೂರ್ತಿ ಓದಲಿ. ಆ ಮನೆಯಲ್ಲಿ ದುಡಿದ ಗುಲಾಮರ ಹೆಸರು ಸಿಕ್ಕರೆ ಅದನ್ನೂ ವಂಶವೃಕ್ಷದ ಪಕ್ಕದಲ್ಲಿ ಬರೆಯಲಿ, ಹುಡುಕಿ ಬರುವವರಿಗೆ ಕಾಣುವಂತೆ ಇಡಲಿ. ಬಂದ ಪತ್ರಕ್ಕೆ ಉತ್ತರ ಬರೆಯಲಿ. ಒಬ್ಬರ ತಪ್ಪನ್ನೂ ಮುಚ್ಚಿಡದೆ ಬರೆದಿಟ್ಟ ಆ ಹಳೆಯ ಲಿಪಿಕಾರರಿಗೆ ಅವರ ಮೊಮ್ಮಕ್ಕಳು ಸಲ್ಲಿಸಬಹುದಾದ ಗೌರವ ಅದೇ.