ದಾನದ ನೀರು, ಮಕ್ಕಳ ಎಲುಬು

ಅಗಲಿದ ತಂದೆ-ತಾಯಿಯರ ಹೆಸರಿನಲ್ಲಿ ಕೊಳವೆಬಾವಿ ಕೊರೆಸುವುದು ನಮ್ಮ ಸಮುದಾಯದ ಸುಂದರ ಪರಂಪರೆಗಳಲ್ಲೊಂದು. ಮದೀನಾದ ರೂಮಾ ಬಾವಿಯನ್ನು ಖರೀದಿಸಿ ಸರ್ವರಿಗೂ ಮುಕ್ತಗೊಳಿಸಿದ ಹಝ್ರತ್ ಉಸ್ಮಾನ್(ರ)ರ ಮಾದರಿ ನಮ್ಮೆದುರಿಗಿದೆ. ಊರಿನವರು ಚಂದಾ ಎತ್ತುತ್ತಾರೆ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಬಂಧುಗಳು ಹಣ ಕಳುಹಿಸುತ್ತಾರೆ. ನೀರು ಚಿಮ್ಮಿದಾಗ ದುಆ ಮಾಡಿ ಎಲ್ಲರೂ ನಿರಾಳರಾಗುತ್ತಾರೆ. ಆದರೆ ಕೊಪ್ಪಳ ಜಿಲ್ಲೆಯಲ್ಲಿ, ವಿಶೇಷವಾಗಿ ಕುಷ್ಟಗಿ ಮತ್ತು ಯಲಬುರ್ಗಾ ತಾಲೂಕುಗಳಲ್ಲಿ, ಆಗ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ?

ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯ ಗದ್ದೆಗಳನ್ನು ಹಸಿರಾಗಿಸಿದೆ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯ ಜನರಾದರೋ ಬಹುಕಾಲ ಅಂತರ್ಜಲವನ್ನೇ ನಂಬಿ ಬದುಕಿದವರು. ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಇದರ ಮೊದಲ ಬಲಿ ಮಕ್ಕಳು. ಶಾಶ್ವತ ಹಲ್ಲುಗಳು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಇಂತಹ ನೀರು ಕುಡಿದ ಮಗುವಿನ ಹಲ್ಲಿನಲ್ಲಿ ಬಿಳಿ, ಹಳದಿ, ಕಂದು ಕಲೆಗಳು ಮೂಡುತ್ತವೆ. ಉಜ್ಜಿದರೆ ಅವು ಅಳಿಯುವುದಿಲ್ಲ. ಫ್ಲೋರೈಡ್ ಪ್ರಮಾಣ ಹೆಚ್ಚಾಗಿ ವರ್ಷಗಟ್ಟಲೆ ಸೇವಿಸಿದಾಗ ಕೀಲುಗಳು ಬಿಗಿಯುತ್ತವೆ, ಬೆನ್ನೆಲುಬು ಬಾಗುತ್ತದೆ. ಹಾಲು-ಸೊಪ್ಪುಗಳಿಗೂ ಗತಿಯಿಲ್ಲದ ಬಡ ಮನೆಗಳಲ್ಲಿ, ಸುಣ್ಣದ ಅಂಶದ ಕೊರತೆಯಿಂದ ಹಾನಿ ಇನ್ನಷ್ಟು ತೀವ್ರ. ಒಮ್ಮೆ ಬಾಗಿದ ಎಲುಬನ್ನು ನೆಟ್ಟಗೆ ಮಾಡುವ ಔಷಧಿಯಿಲ್ಲ, ತಡೆಗಟ್ಟುವುದೊಂದೇ ಹಾದಿ.

ಈ ಹಾದಿಯನ್ನು ತೋರಿಸಲು ಜಗತ್ತು ಈಗಾಗಲೇ ಶ್ರಮಿಸಿದೆ. ಕುಡಿಯುವ ನೀರಿನ ಲೀಟರೊಂದರಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತೀಯ ಮಾನಕವು 1 ಮಿಲಿಗ್ರಾಂ ಸಾಕೆನ್ನುತ್ತದೆ. ಬೇರೆ ನೀರೇ ಇಲ್ಲದಲ್ಲಿ ಮಾತ್ರ 1.5ರವರೆಗೆ ಒಪ್ಪುತ್ತದೆ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿಯು ಶುದ್ಧ ನೀರನ್ನೂ ಪರಿಸರ ಮಾಲಿನ್ಯದ ಅಪಾಯವನ್ನೂ ಹೆಸರಿಸಿ, ದೇಶಗಳು ಪರಸ್ಪರ ಸಹಕರಿಸಬೇಕೆಂದು ವಿಧಿಸಿದೆ. 1992ರಲ್ಲಿ ಭಾರತವೂ ಅದನ್ನು ಒಪ್ಪಿತು. ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ತಗ್ಗಿಸುವ ‘ನಲ್ಗೊಂಡ ವಿಧಾನ’ವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿತು. ಇದೇ ವ್ಯಾಧಿಯಿಂದ ನರಳುವ ಪೂರ್ವ ಆಫ್ರಿಕಾದ ತಾಂಜಾನಿಯಾದವರೆಗೂ ಆ ತಿಳಿವಳಿಕೆ ತಲುಪಿತು. ವಿಶ್ವಬ್ಯಾಂಕಿನ ನೆರವಿನ ‘ಜಲನಿರ್ಮಲ’ ಯೋಜನೆಯಲ್ಲಿ ಕೊಪ್ಪಳವೂ ಸೇರಿತ್ತು.

ಆದರೆ ಜಿನೀವಾದಲ್ಲಿ ನಿಗದಿಯಾದ ಅಂಕಿಯೊಂದು ತಾನಾಗಿಯೇ ನಮ್ಮೂರಿನ ಬೋರ್‌ವೆಲ್ಲಿಗೆ ಬಂದು ಇಳಿಯದು. ಅದನ್ನು ಕೊನೆಯ ಕೊಡದವರೆಗೆ ತಲುಪಿಸುವವರು ಯಾರು? ‘ಅದು ಸರಕಾರದ ಹೊಣೆ’ ಎಂಬ ಉತ್ತರ ಸುಳ್ಳಲ್ಲ. ಗ್ರಾಮ ಪಂಚಾಯತಿಯ ಬಳಿ ಪರೀಕ್ಷೆಯನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಆದರೆ ಬಾವಿಯನ್ನು ನಾವೇ ಕೊರೆಸಿದಾಗ ಹೊಣೆಯೂ ನಮ್ಮದೇ. ‘ಬಾಯಾರಿದವನಿಗೆ ನೀರು ಸಿಕ್ಕಿತಲ್ಲ, ಸಾಲದೇ?’ ಎನ್ನುವವರಿಗೆ ನಾವು ವಿನಯದಿಂದ ಹೇಳುವುದಿಷ್ಟೇ: ಇಂದಿನ ಬಾಯಾರಿಕೆ ತಣಿಸಿ ನಾಳೆಯ ನಡಿಗೆ ಕಸಿಯುವ ನೀರು ದಾನಿಯ ಉದ್ದೇಶವಾಗಿರಲಾರದು.

ಆದ್ದರಿಂದ ಮಸೀದಿ ಜಮಾಅತ್‌ಗಳು ಒಂದು ನಿಯಮ ಮಾಡಿಕೊಳ್ಳಲಿ. ಪ್ರಯೋಗಾಲಯದ ವರದಿ ಕೈಸೇರದೆ ಯಾವ ಬಾವಿಯನ್ನೂ ಕುಡಿಯಲು ಒಪ್ಪಿಸಬಾರದು. ದಾನಿಯ ಹೆಸರಿನ ಕಲ್ಲಿನಲ್ಲೇ ಫ್ಲೋರೈಡ್ ಪ್ರಮಾಣವನ್ನೂ ಪರೀಕ್ಷೆಯ ದಿನಾಂಕವನ್ನೂ ಬರೆಸಬೇಕು. ಅಂತರ್ಜಲ ಇಳಿದಂತೆ ನೀರಿನ ಗುಣ ಬದಲಾಗುವುದರಿಂದ ವರ್ಷಕ್ಕೊಮ್ಮೆಯಾದರೂ ಮರುಪರೀಕ್ಷೆ ಬೇಕು. ಮಿತಿ ಮೀರಿದ ನೀರು ವುಝೂ ಮತ್ತು ಬಟ್ಟೆ-ಪಾತ್ರೆಗಳಿಗಿರಲಿ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಬೇರೆ ನೀರನ್ನೇ ಬಳಸಬೇಕು. ಮತ್ತೊಂದು ಬಾವಿ ಕೊರೆಸುವ ಹಣದಲ್ಲಿ ಕೆಟ್ಟು ನಿಂತ ಶುದ್ಧ ನೀರಿನ ಘಟಕವನ್ನು ದುರಸ್ತಿಗೊಳಿಸುವುದೂ, ಮದ್ರಸದ ಚಾವಣಿಯ ಮಳೆನೀರನ್ನು ಸಂಗ್ರಹಿಸುವುದೂ ಸದಕ ಜಾರಿಯವೇ.

ತಾನೂ ಹಾನಿಗೀಡಾಗದೆ, ಪರರಿಗೂ ಹಾನಿ ಮಾಡದಿರುವುದು ಪ್ರವಾದಿ(ಸ)ರು ಕಲಿಸಿದ ಮೂಲಸೂತ್ರ. ಆ ನೀರು ಕುಡಿಯುವ ಮಗು ಯಾವ ಮನೆಯದೇ ಆಗಿರಲಿ, ಯಾವ ಧರ್ಮದ್ದೇ ಆಗಿರಲಿ, ಈ ಸೂತ್ರ ಅದಕ್ಕೂ ಅನ್ವಯಿಸುತ್ತದೆ.